ರೈಫಲ್‌ಗೆ ಸ್ಕೋಪ್ ಕೂರಿಸುವುದು ಹೇಗೆ? ‘ಬಿಗಿ ಮಾಡಿದಷ್ಟೂ ಗುರಿ ಪಕ್ಕಾ’ ಎಂಬ ಮಾತು ನಿಜವೇ?

ಏರ್ ರೈಫಲ್ ಕೊಂಡವರು ಅದರ ಬೆನ್ನಿಗೇ ಹುಡುಕುವ ವಸ್ತು ಸ್ಕೋಪ್. ಅದನ್ನು ಕೂರಿಸುವುದು ಹೇಗೆ ಎಂದು ಕೇಳಿದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ, ಚಿಕ್ಕ ವಿಡಿಯೊಗಳಲ್ಲಿ ಸಲಹೆಗಳಿಗೆ ಕೊರತೆಯಿಲ್ಲ. ‘ಸ್ಕ್ರೂಗಳನ್ನು ಆದಷ್ಟು ಬಿಗಿ ಮಾಡಿ’, ‘ಜಾರಿದರೆ ಸೂಪರ್ ಗ್ಲೂ ಹಾಕಿ’, ‘ದೊಡ್ಡ ಸ್ಕೋಪ್ ಹಾಕಿದರೆ ಗುರಿ ತಪ್ಪುವುದೇ ಇಲ್ಲ’, ‘ಲೇಸರ್‌ನಿಂದ ಹೊಂದಿಸಿದರೆ ಗುಂಡು ಹಾರಿಸಿ ನೋಡುವ ಅಗತ್ಯವೇ ಇಲ್ಲ’. ಇವುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ. ಕೆಲವು ಸಲಹೆಗಳಿಂದ ಸ್ಕೋಪ್ ಹಾಳಾಗುತ್ತದೆ. ಇನ್ನು ಕೆಲವು ತಪ್ಪುಗಳಿಂದ ಕಣ್ಣಿಗೇ ಪೆಟ್ಟು ಬೀಳುತ್ತದೆ.

ಸ್ಕೋಪ್ ಹಾಕಿದ ಮೇಲೆ ಗುಂಡು ಎಲ್ಲೆಲ್ಲೋ ಹೋಗುತ್ತಿದೆ ಎಂದರೆ ಬಹಳಷ್ಟು ಸಲ ತಪ್ಪು ಗಾಜಿನದ್ದಲ್ಲ, ಕೂರಿಸಿದ ರೀತಿಯದ್ದು. ಹಾಗಾಗಿ ಸರಿಯಾದ ಕ್ರಮ ಯಾವುದು, ಅದರ ಹಿಂದಿನ ವಿಜ್ಞಾನ ಏನು ಎಂಬುದನ್ನು ಇಲ್ಲಿ ನೋಡೋಣ.

ಒಂದೇ ನೋಟದಲ್ಲಿ

- ಸ್ಕೋಪ್ ಗುಂಡಿನ ದಾರಿಯನ್ನು ಬದಲಿಸುವುದಿಲ್ಲ. ನಿಮ್ಮ ದೃಷ್ಟಿರೇಖೆ ಮತ್ತು ಗುಂಡಿನ ದಾರಿ ಒಂದು ನಿಗದಿತ ದೂರದಲ್ಲಿ ಕೂಡುವಂತೆ ಮಾಡುತ್ತದೆ, ಅಷ್ಟೆ.
- ಸ್ಕ್ರೂ ಸಡಿಲವಾಗಿದ್ದರೂ ತಪ್ಪು, ಅತಿ ಬಿಗಿಯಾಗಿದ್ದರೂ ತಪ್ಪು.
- ಸ್ಪ್ರಿಂಗ್ ಏರ್ ರೈಫಲ್‌ಗೆ ಅದಕ್ಕೆಂದೇ ತಯಾರಾದ ಸ್ಕೋಪ್ ಬೇಕು.
- ಕಣ್ಣು ಮತ್ತು ಸ್ಕೋಪ್ ನಡುವಿನ ಅಂತರವನ್ನು ಮೊದಲು ಹೊಂದಿಸಿ, ಆಮೇಲೆ ಬಿಗಿ ಮಾಡಿ.
- ಕೊನೆಯ ತೀರ್ಪು ಲೇಸರ್‌ನದ್ದಲ್ಲ, ಕಾಗದದ ಮೇಲೆ ಬಿದ್ದ ತೂತಿನದ್ದು.

ಸ್ಕೋಪ್ ಮಾಡುವ ಕೆಲಸವೇನು?

ರೈಫಲ್‌ನಲ್ಲಿ ಎರಡು ರೇಖೆಗಳಿವೆ ಎಂದುಕೊಳ್ಳಿ. ಒಂದು, ನಳಿಗೆಯ ನಡುವಿನಿಂದ ಹೊರಡುವ ರೇಖೆ. ಇನ್ನೊಂದು, ಸ್ಕೋಪ್ ಮೂಲಕ ನೀವು ನೋಡುವ ರೇಖೆ. ಎರಡನೆಯದು ಮೊದಲನೆಯದಕ್ಕಿಂತ ಸಾಮಾನ್ಯವಾಗಿ ನಾಲ್ಕೈದು ಸೆಂ.ಮೀ. ಮೇಲಿರುತ್ತದೆ. ಎರಡೂ ಸಮಾನಾಂತರವಾಗಿದ್ದರೆ ಗುಂಡು ನೀವು ನೋಡಿದ ಜಾಗಕ್ಕೆ ಎಂದೂ ತಾಗುವುದಿಲ್ಲ.

ಇದರ ಜೊತೆಗೆ ಗುರುತ್ವಾಕರ್ಷಣೆ ಬೇರೆ ಇದೆ. ನಳಿಗೆ ಬಿಟ್ಟ ಕ್ಷಣದಿಂದಲೇ ಗುಂಡು ಕೆಳಗೆ ಬೀಳಲು ಶುರುವಾಗುತ್ತದೆ. ಏರ್ ರೈಫಲ್‌ನ ಪೆಲೆಟ್ ಸರಾಸರಿ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೋಗುತ್ತದೆ ಎಂದು ಲೆಕ್ಕ ಹಾಕಿ. 10 ಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 1.2 ಸೆಂ.ಮೀ. ಕೆಳಗಿಳಿದಿರುತ್ತದೆ. 25 ಮೀಟರ್ ದಾಟುವಷ್ಟರಲ್ಲಿ ಸುಮಾರು ಏಳೂವರೆ ಸೆಂ.ಮೀ. ಇಳಿದಿರುತ್ತದೆ. ದೂರ ಎರಡೂವರೆ ಪಟ್ಟಾದರೆ ಬೀಳು ಆರು ಪಟ್ಟಿಗೂ ಹೆಚ್ಚು.

‘ಗುಂಡು ಮೊದಲು ಮೇಲಕ್ಕೇರಿ ಆಮೇಲೆ ಇಳಿಯುತ್ತದೆ’ ಎಂದು ಕೆಲವರು ಹೇಳುವುದು ಇಲ್ಲಿಂದಲೇ ಬಂದದ್ದು. ನಿಜದಲ್ಲಿ, ದೃಷ್ಟಿರೇಖೆಗೆ ಹೋಲಿಸಿದರೆ ನಳಿಗೆ ಒಂದಿಷ್ಟೇ ಇಷ್ಟು ಮೇಲ್ಮುಖವಾಗಿ ಇರುವಂತೆ ನಾವೇ ಹೊಂದಿಸಿರುತ್ತೇವೆ. ಹಾಗಾಗಿ ಗುಂಡು ದೃಷ್ಟಿರೇಖೆಯನ್ನು ಕೆಳಗಿನಿಂದ ಬಂದು ದಾಟುತ್ತದೆ, ಮುಂದೆ ಹೋಗಿ ಮತ್ತೆ ಅದರ ಕೆಳಗಿಳಿಯುತ್ತದೆ. ನಳಿಗೆಯ ರೇಖೆಗಿಂತ ಮೇಲೆ ಅದು ಯಾವತ್ತೂ ಹೋಗುವುದಿಲ್ಲ.

ಈ ಎರಡು ರೇಖೆಗಳ ನಡುವಿನ ಕೋನ ತೀರಾ ಚಿಕ್ಕದು. ಸ್ಕೋಪ್ ಕೂದಲೆಳೆಯಷ್ಟು ಅಲುಗಿದರೂ ಕೋನ ಕೆಡುತ್ತದೆ. ಸ್ಕೋಪ್ ಕೂರಿಸುವ ಕೆಲಸ ಎಂದರೆ ಈ ಕೋನವನ್ನು ಅಲುಗದಂತೆ ಕಾಪಾಡುವ ಕೆಲಸ.

ಕೊಳ್ಳುವ ಮೊದಲು ಮೂರು ಅಳತೆ

1. ಹಳಿ. ರೈಫಲ್‌ನ ಮೇಲ್ಭಾಗದಲ್ಲಿ ಸ್ಕೋಪ್ ಹಿಡಿಸಲು ಇರುವ ಜಾಗವಿದು. ಹೆಚ್ಚಿನ ಏರ್ ರೈಫಲ್‌ಗಳಲ್ಲಿ ಸುಮಾರು 11 ಮಿ.ಮೀ. ಅಗಲದ, ಎರಡು ಬದಿಗೂ ಗಾಡಿ ಕೊರೆದ ‘ಡವ್‌ಟೇಲ್’ ಹಳಿ ಇರುತ್ತದೆ. ದೊಡ್ಡ ರೈಫಲ್‌ಗಳಲ್ಲಿ ಅಡ್ಡಗಾಡಿಗಳಿರುವ ‘ವೀವರ್’ ಅಥವಾ ‘ಪಿಕಾಟಿನಿ’ ಹಳಿ ಸಾಮಾನ್ಯ. ಕೊನೆಯ ಎರಡು ನೋಡಲು ಒಂದೇ ಥರ, ಆದರೆ ಒಂದೇ ಅಲ್ಲ. ಪಿಕಾಟಿನಿಯ ಗಾಡಿ 5.23 ಮಿ.ಮೀ. ಅಗಲ, ವೀವರ್‌ದು 4.57 ಮಿ.ಮೀ. ಹಾಗಾಗಿ ವೀವರ್ ರಿಂಗ್ ಸಾಮಾನ್ಯವಾಗಿ ಪಿಕಾಟಿನಿ ಹಳಿಗೆ ಕೂರುತ್ತದೆ, ಪಿಕಾಟಿನಿ ರಿಂಗ್ ವೀವರ್ ಹಳಿಗೆ ಕೂರದೇ ಇರಬಹುದು. ಡವ್‌ಟೇಲ್ ರಿಂಗ್ ಇವೆರಡಕ್ಕೂ ಹೊಂದುವುದಿಲ್ಲ.

2. ಕೊಳವೆಯ ದಪ್ಪ. ಸ್ಕೋಪ್‌ನ ನಡುಭಾಗದ ಕೊಳವೆ ಹೆಚ್ಚಾಗಿ 25.4 ಮಿ.ಮೀ., ಅಂದರೆ ಒಂದು ಇಂಚು, ಇಲ್ಲವೇ 30 ಮಿ.ಮೀ. ಇರುತ್ತದೆ. ರಿಂಗ್ ಕೂಡ ಅದೇ ಅಳತೆಯದ್ದಾಗಿರಬೇಕು. 30 ಮಿ.ಮೀ. ರಿಂಗ್‌ಗೆ ಇಂಚಿನ ಕೊಳವೆ ಹಾಕಿ, ನಡುವೆ ಟೇಪ್ ಸುತ್ತಿ ಬಿಗಿ ಮಾಡುವುದು ಸರಿಯಲ್ಲ.

3. ಎತ್ತರ. ಮುಂದಿನ ದೊಡ್ಡ ಗಾಜಿನ ಭಾಗ ನಳಿಗೆಗೆ ತಾಗಬಾರದು. ಹಾಗೆಂದು ವಿಪರೀತ ಎತ್ತರದ ರಿಂಗ್ ಹಾಕಿದರೆ ಕೆನ್ನೆ ಮರದ ಹಿಡಿಗೆ ಒರಗುವುದಿಲ್ಲ, ತಲೆ ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲುತ್ತದೆ. ತಾಗದಷ್ಟು ತಗ್ಗು ಇರುವುದೇ ಒಳ್ಳೆಯದು.

ಒಂದು ಮಾತು: ಮಲೆನಾಡು, ಕೊಡಗಿನ ಮನೆಗಳಲ್ಲಿರುವ ತೋಟಾ ಕೋವಿಯ ವಿಷಯ ಬೇರೆ. ಛರ್ರೆ ಹಾರಿಸುವ ಕೋವಿಯಲ್ಲಿ ಹೊಡೆತ ಹರಡಿಕೊಂಡು ಹೋಗುತ್ತದೆ. ಅದಕ್ಕೆ ಇಂಥ ಸ್ಕೋಪ್ ಸಾಮಾನ್ಯವಾಗಿ ಬೇಕಿಲ್ಲ.

ಸ್ಪ್ರಿಂಗ್ ಏರ್ ರೈಫಲ್‌ ದುಬಾರಿ ಸ್ಕೋಪನ್ನೂ ಕೆಡಿಸುವುದೇಕೆ?

‘ಏರ್ ರೈಫಲ್ ಒದೆಯುವುದೇ ಇಲ್ಲ, ಯಾವ ಸ್ಕೋಪ್ ಹಾಕಿದರೂ ನಡೆಯುತ್ತದೆ’ ಎನ್ನುವುದು ಹಳೆಯ ತಪ್ಪು ತಿಳಿವಳಿಕೆ.

ಮದ್ದಿನ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್ ರೈಫಲ್ ಎರಡು ಕಡೆಗೂ ಒದೆಯುತ್ತದೆ. ಟ್ರಿಗರ್ ಎಳೆದಾಗ ಒಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತುದಿ ಮುಟ್ಟಿ ಗಕ್ಕನೆ ನಿಂತಾಗ ರೈಫಲ್ ಮುಂದಕ್ಕೆ ಜಿಗಿಯುತ್ತದೆ. ಮದ್ದಿನ ರೈಫಲ್‌ಗೆಂದೇ ಮಾಡಿದ ಸ್ಕೋಪ್‌ನ ಒಳಭಾಗಗಳಿಗೆ ಒಂದು ದಿಕ್ಕಿನ ಹೊಡೆತ ತಡೆಯುವ ಶಕ್ತಿ ಇರುತ್ತದೆ. ಎರಡನೆಯ ದಿಕ್ಕಿನ ಹೊಡೆತಕ್ಕೆ ಅದರ ಗಾಜು ಸಡಿಲವಾಗಬಹುದು, ಕ್ರಾಸ್‌ಹೇರ್ ಎನ್ನುವ ಕೂಡು ಗೆರೆ ತಿರುಗಬಹುದು ಅಥವಾ ತುಂಡಾಗಬಹುದು. ‘ಏರ್ ಗನ್ ರೇಟೆಡ್’ ಎಂದು ತಯಾರಕರೇ ನಮೂದಿಸಿದ್ದಾರೆಯೇ ನೋಡಿ ಕೊಳ್ಳಿ.

ಇದೇ ಕಾರಣಕ್ಕೆ ಸ್ಪ್ರಿಂಗ್ ರೈಫಲ್‌ನಲ್ಲಿ ಸ್ಕೋಪ್ ಮೆಲ್ಲಮೆಲ್ಲನೆ ಹಿಂದಕ್ಕೆ ಜಾರುತ್ತದೆ. ಬಸ್ಸು ಏಕಾಏಕಿ ಮುಂದೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಅದೇ ಜಡತ್ವ. ಇದನ್ನು ತಡೆಯಲು ಹೆಚ್ಚಿನ ರೈಫಲ್‌ಗಳ ಹಳಿಯ ಮೇಲೆ ಒಂದು ಸಣ್ಣ ತೂತು ಇರುತ್ತದೆ. ಒಳ್ಳೆಯ ರಿಂಗ್‌ಗಳಲ್ಲಿ ಆ ತೂತಿಗೆ ಇಳಿಯುವ ತಡೆಪಿನ್ ಇರುತ್ತದೆ. ಸ್ಕ್ರೂ ಬಿಗಿ ಮಾಡಿ ಮಾಡಿ ಆಗದ ಕೆಲಸವನ್ನು ಆ ಪಿನ್ ಮಾಡುತ್ತದೆ. ಎರಡು ಬಿಡಿ ರಿಂಗ್‌ಗಳ ಬದಲು ಒಂದೇ ತುಂಡಿನ ಮೌಂಟ್ ಹಾಕಿದರೆ ಹಿಡಿತ ಇನ್ನೂ ಭದ್ರ.

ಹಂತ ಹಂತವಾಗಿ ಕೂರಿಸುವ ಕ್ರಮ

ಹಂತ 1: ಖಾಲಿ ಇದೆಯೇ ನೋಡಿ. ರೈಫಲ್‌ನಲ್ಲಿ ಗುಂಡು ಅಥವಾ ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಎಂಬುದನ್ನು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ. ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಡಿ. ಖಾಲಿಯಿದ್ದರೂ ನಳಿಗೆ ಯಾರ ಕಡೆಗೂ ತಿರುಗಿರಬಾರದು.

ಹಂತ 2: ಎಣ್ಣೆ ಒರೆಸಿ. ಹಳಿ, ರಿಂಗ್‌ನ ಒಳಭಾಗ, ಸ್ಕೋಪ್‌ನ ಕೊಳವೆ ಇವುಗಳ ಮೇಲೆ ಎಣ್ಣೆ ಇದ್ದರೆ ಹಿಡಿತ ಜಾರುತ್ತದೆ. ಒಣಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿದರೆ ಸಾಕು. ಗಾಜಿಗೆ ಮಾತ್ರ ಸ್ಪಿರಿಟ್ ತಾಗಿಸಬೇಡಿ.

ಹಂತ 3: ರಿಂಗ್‌ನ ಕೆಳಭಾಗ ಹಿಡಿಸಿ. ಏರ್ ರೈಫಲ್ ಆದರೆ ತಡೆಪಿನ್ ತೂತಿಗೆ ಕೂರಲಿ. ಪಿಕಾಟಿನಿ ಹಳಿಯ ಮದ್ದಿನ ರೈಫಲ್ ಆದರೆ, ಅಡ್ಡ ಬೋಲ್ಟ್ ಗಾಡಿಯೊಳಗೆ ಇಳಿದ ಮೇಲೆ ರಿಂಗನ್ನು ನಳಿಗೆಯ ದಿಕ್ಕಿಗೆ ಒತ್ತಿ ಹಿಡಿದು ಬಿಗಿ ಮಾಡಿ. ರೈಫಲ್ ಹಿಂದಕ್ಕೆ ಒದ್ದಾಗ ಸ್ಕೋಪ್ ಮುಂದಕ್ಕೆ ಸರಿಯಲು ನೋಡುತ್ತದೆ. ಮೊದಲೇ ಮುಂದಿನ ಗೋಡೆಗೆ ತಾಗಿಕೊಂಡಿದ್ದರೆ ಸರಿಯಲು ಜಾಗವೇ ಇರುವುದಿಲ್ಲ.

ಹಂತ 4: ಕಣ್ಣಿನ ಅಂತರ ಹೊಂದಿಸಿ. ಸ್ಕೋಪನ್ನು ರಿಂಗ್‌ನಲ್ಲಿಟ್ಟು ಮೇಲಿನ ಭಾಗವನ್ನು ಸಡಿಲವಾಗಿಯೇ ಹಾಕಿ. ಕಣ್ಣು ಮುಚ್ಚಿ, ರೈಫಲನ್ನು ಭುಜಕ್ಕೆ ಏರಿಸಿ, ಕೆನ್ನೆಯನ್ನು ಸಹಜವಾಗಿ ಒರಗಿಸಿ. ಈಗ ಕಣ್ಣು ತೆರೆಯಿರಿ. ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣಬೇಕು. ಇಲ್ಲದಿದ್ದರೆ ಕತ್ತು ಚಾಚಬೇಡಿ, ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಸಾಮಾನ್ಯ ರೈಫಲ್ ಸ್ಕೋಪ್‌ಗಳಲ್ಲಿ ಈ ಅಂತರ 7ರಿಂದ 10 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಹಿಗ್ಗಿಸುವ ಶಕ್ತಿಯನ್ನು ಬದಲಿಸಬಹುದಾದ ಸ್ಕೋಪ್ ಆದರೆ ಅತಿ ಹೆಚ್ಚಿನ ಅಂಕೆಯಲ್ಲಿಟ್ಟು ಪರೀಕ್ಷಿಸಿ. ಅಂತರದ ಅವಕಾಶ ಅಲ್ಲಿಯೇ ಕಡಿಮೆ.

ಹಂತ 5: ಗೆರೆ ನೇರ ಮಾಡಿ. ಗಾರೆ ಕೆಲಸದವರ ತೂಗುಗುಂಡು, ರಸಮಟ್ಟ ಇಲ್ಲಿ ಉಪಯೋಗಕ್ಕೆ ಬರುತ್ತವೆ. ರಸಮಟ್ಟ ಇಟ್ಟು ರೈಫಲ್ ವಾಲದಂತೆ ನಿಲ್ಲಿಸಿ. ಹತ್ತಿಪ್ಪತ್ತು ಮೀಟರ್ ದೂರದಲ್ಲಿ ದಾರಕ್ಕೆ ಭಾರ ಕಟ್ಟಿ ಇಳಿಬಿಡಿ. ಸ್ಕೋಪ್‌ನ ಲಂಬ ಗೆರೆ ಆ ದಾರದ ಮೇಲೆ ಸರಿಯಾಗಿ ಕೂರುವ ತನಕ ಸ್ಕೋಪನ್ನು ತಿರುಗಿಸಿ.

ಇದು ಬರೀ ಚಂದಕ್ಕಲ್ಲ. ಗೆರೆ 5 ಡಿಗ್ರಿ ಸೊಟ್ಟಗಿದ್ದರೆ, ಗೆರೆಯನ್ನು ನೇರ ಹಿಡಿಯಲು ಹೋಗಿ ನೀವು ರೈಫಲನ್ನೇ 5 ಡಿಗ್ರಿ ವಾಲಿಸುತ್ತೀರಿ. ಮೇಲೆ ಹೇಳಿದ ಲೆಕ್ಕದಲ್ಲಿ 25 ಮೀಟರಿಗೆ ಗುಂಡು 6-7 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಗುಂಡಿ ತಿರುಗಿಸಿ ಅದನ್ನು ಸರಿಮಾಡಿದರೂ ಬೇರೆ ದೂರಕ್ಕೆ ಹೋದಾಗ ತಪ್ಪು ಮತ್ತೆ ಕಾಣಿಸಿಕೊಳ್ಳುತ್ತದೆ.

ಹಂತ 6: ಸಮವಾಗಿ ಬಿಗಿ ಮಾಡಿ. ಸೈಕಲ್ ಅಥವಾ ಕಾರಿನ ಚಕ್ರದ ನಟ್ ಬಿಗಿ ಮಾಡುವಂತೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬನ್ನಿ. ರಿಂಗ್‌ನ ಎರಡು ಬದಿಯ ಸಂದು ಒಂದೇ ಅಳತೆಯಲ್ಲಿ ಉಳಿಯಬೇಕು. ಒಂದು ಬದಿಯನ್ನೇ ಮೊದಲು ಬಿಗಿ ಮಾಡಿದರೆ ಸ್ಕೋಪ್ ತಿರುಗಿ, ನೇರ ಮಾಡಿದ ಗೆರೆ ಮತ್ತೆ ಸೊಟ್ಟಗಾಗುತ್ತದೆ.

ಎಷ್ಟು ಬಿಗಿ ಮಾಡಬೇಕು?

ಸ್ಕೋಪ್‌ನ ಕೊಳವೆ ಹೆಚ್ಚಾಗಿ ತೆಳುವಾದ ಅಲ್ಯೂಮಿನಿಯಂ. ಅದರೊಳಗೆ ಗಾಜುಗಳಿರುವ ಇನ್ನೊಂದು ಕೊಳವೆ ಅತ್ತಿತ್ತ ಚಲಿಸುತ್ತಿರಬೇಕು. ಹೊರಗಿನಿಂದ ಹಿಸುಕಿದರೆ ಹೊರಕೊಳವೆ ತಗ್ಗು ಬೀಳುತ್ತದೆ, ಒಳಗಿನ ಚಲನೆ ಅಂಟಿಕೊಳ್ಳುತ್ತದೆ. ಗುಂಡಿ ತಿರುಗಿಸಿದರೂ ಗುರಿ ಸರಿಯದೇ ಇರುವುದಕ್ಕೆ ಇದೂ ಒಂದು ಕಾರಣ.

ರಿಂಗ್‌ನ ಮೇಲ್ಭಾಗದ ಸ್ಕ್ರೂಗಳಿಗೆ ಬಹಳಷ್ಟು ತಯಾರಕರು ಹೇಳುವ ಅಳತೆ 15ರಿಂದ 18 ಇಂಚು-ಪೌಂಡ್, ಅಂದರೆ ಸುಮಾರು 1.7ರಿಂದ 2 ನ್ಯೂಟನ್-ಮೀಟರ್. ಸರಳವಾಗಿ ಹೇಳುವುದಾದರೆ 10 ಸೆಂ.ಮೀ. ಉದ್ದದ ಕೀಲಿಯ ತುದಿಗೆ 2 ಕೆ.ಜಿ. ಭಾರ ತೂಗುಹಾಕಿದಷ್ಟು. ನಿಮ್ಮ ರಿಂಗ್‌ನ ಪೊಟ್ಟಣದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಬಲ ಅಳೆಯುವ ಟಾರ್ಕ್ ಡ್ರೈವರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಲೆನ್ ಕೀಯ ಉದ್ದದ ತೋಳನ್ನು ಸ್ಕ್ರೂವಿಗೆ ಹಾಕಿ, ಗಿಡ್ಡ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಹಾಗೆ ಮಾಡಿದರೆ ಅತಿಯಾದ ಬಲ ಬೀಳುವುದಿಲ್ಲ. ಕಟಿಂಗ್ ಪ್ಲೇಯರ್, ಪೈಪ್ ಸೇರಿಸಿ ಬಲ ಹಾಕಬೇಡಿ.

ಸೂಪರ್ ಗ್ಲೂ, ಎರಡು ಬಣ್ಣದ ಎಪಾಕ್ಸಿ ಅಂಟು ಬೇಡವೇ ಬೇಡ. ಮತ್ತೆ ಬಿಚ್ಚಬೇಕಾದಾಗ ಸ್ಕ್ರೂವಿನ ತಲೆಯೇ ಕಿತ್ತುಬರುತ್ತದೆ.

ಝೀರೋ ಮಾಡುವುದು: ಕಾಗದದ ಮೇಲಿನ ಲೆಕ್ಕ

ಕೂರಿಸಿದ ಸ್ಕೋಪ್ ಮತ್ತು ಗುಂಡು ಒಂದೇ ಬಿಂದುವಿನಲ್ಲಿ ಕೂಡುವಂತೆ ಮಾಡುವುದಕ್ಕೆ ಝೀರೋ ಮಾಡುವುದು ಎನ್ನುತ್ತಾರೆ. ಮೊದಲು ಕಣ್ಣಿನ ಕಡೆಯ ಉಂಗುರ ತಿರುಗಿಸಿ ಕೂಡು ಗೆರೆ ನಿಚ್ಚಳವಾಗಿ ಕಾಣುವಂತೆ ಮಾಡಿಕೊಳ್ಳಿ. ಇದು ಅವರವರ ಕಣ್ಣಿಗೆ ಬೇರೆ ಬೇರೆ. ಮನೆಯಲ್ಲಿ ಇಬ್ಬರು ಬಳಸುವುದಾದರೆ ಇಬ್ಬರೂ ಹೊಂದಿಸಿಕೊಳ್ಳಬೇಕು.

ಆಮೇಲೆ 10 ಮೀಟರ್ ದೂರದಲ್ಲಿ ಕಾಗದ ಅಂಟಿಸಿ, ಕೈ ಒರಗಿಸಿಕೊಂಡು, ಒಂದೇ ಚುಕ್ಕೆಗೆ ಗುರಿಯಿಟ್ಟು ಐದು ಗುಂಡು ಹಾರಿಸಿ. ಒಂದೊಂದು ಗುಂಡಿಗೂ ಗುಂಡಿ ತಿರುಗಿಸುತ್ತ ಹೋಗಬೇಡಿ. ಐದು ತೂತುಗಳ ನಡುಬಿಂದು ಎಲ್ಲಿದೆ ಎಂದು ಅಳೆಯಿರಿ.

ಸ್ಕೋಪ್‌ನ ಗುಂಡಿಯ ಮೇಲೆ ಒಂದು ಕ್ಲಿಕ್ ಎಂದರೆ 1/4 ಎಂಒಎ ಎಂದು ಬರೆದಿರುತ್ತದೆ. ಎಂಒಎ ಎಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನ. 100 ಮೀಟರಿನಲ್ಲಿ ಅದು ಸುಮಾರು 29 ಮಿ.ಮೀ., 10 ಮೀಟರಿನಲ್ಲಿ 2.9 ಮಿ.ಮೀ. ಹಾಗಾದರೆ 10 ಮೀಟರಿನಲ್ಲಿ ಒಂದು ಕ್ಲಿಕ್‌ಗೆ ಗುರಿ ಸರಿಯುವುದು ಕೇವಲ 0.73 ಮಿ.ಮೀ.

ಉದಾಹರಣೆಗೆ, ನಡುಬಿಂದು 3 ಸೆಂ.ಮೀ. ಕೆಳಗೆ, 1.5 ಸೆಂ.ಮೀ. ಎಡಕ್ಕೆ ಇದೆ ಎನ್ನಿ. 30ನ್ನು 0.73ರಿಂದ ಭಾಗಿಸಿದರೆ 41. ಅಂದರೆ ಮೇಲಕ್ಕೆ 41 ಕ್ಲಿಕ್, ಬಲಕ್ಕೆ ಸುಮಾರು 20 ಕ್ಲಿಕ್. ‘ನಾಲ್ಕು ಕ್ಲಿಕ್ ತಿರುಗಿಸಿದೆ, ಏನೂ ಆಗಲಿಲ್ಲ, ಸ್ಕೋಪ್ ಡೂಪ್ಲಿಕೇಟ್’ ಎನ್ನುವವರು ಈ ಲೆಕ್ಕವನ್ನು ಮಾಡಿ ನೋಡಬೇಕು. ಬಾಣದ ಗುರುತು ತೋರಿಸುವುದು ಗುಂಡು ಯಾವ ಕಡೆಗೆ ಸರಿಯುತ್ತದೆ ಎಂಬುದನ್ನು.

ಗುಂಡಿ ಕೊನೆ ಮುಟ್ಟಿದರೂ ಗುರಿ ಸಿಗದಿದ್ದರೆ ಬಲ ಹಾಕಬೇಡಿ. ನಳಿಗೆ ಮಡಚುವ ಏರ್ ರೈಫಲ್‌ಗಳಲ್ಲಿ ನಳಿಗೆ ಒಂದಿಷ್ಟು ಕೆಳಗೆ ಬಾಗಿರುವುದುಂಟು. ಅದಕ್ಕೆ ಎತ್ತರ ಹೊಂದಿಸಬಹುದಾದ ಮೌಂಟ್‌ಗಳು ಸಿಗುತ್ತವೆ.

ಫಾರ್ವರ್ಡ್ ಮಾಡುವ ಮೊದಲು: ನಾಲ್ಕು ಹೇಳಿಕೆ, ನಾಲ್ಕು ಉತ್ತರ

ಹೇಳಿಕೆ: ಹೆಚ್ಚು ಹಿಗ್ಗಿಸಿದಷ್ಟೂ ಗುರಿ ನಿಖರ.
ನಿಜ: ಸ್ಕೋಪ್ ಗುರಿಯ ಜೊತೆಗೆ ನಿಮ್ಮ ಕೈನಡುಕವನ್ನೂ ಹಿಗ್ಗಿಸಿ ತೋರಿಸುತ್ತದೆ. ಜೊತೆಗೆ ಕಾಣುವ ಜಾಗ ಕಿರಿದಾಗುತ್ತದೆ, ಬೆಳಕೂ ಕಡಿಮೆಯಾಗುತ್ತದೆ. 3-9×40 ಎಂಬ ಸ್ಕೋಪ್‌ನಲ್ಲಿ 40 ಎಂದರೆ ಮುಂದಿನ ಗಾಜಿನ ವ್ಯಾಸ, ಮಿ.ಮೀ.ನಲ್ಲಿ. 3 ಪಟ್ಟಿನಲ್ಲಿ ಕಣ್ಣಿಗೆ ಬರುವ ಬೆಳಕಿನ ಕಂಬ 13 ಮಿ.ಮೀ. ಅಗಲ, 9 ಪಟ್ಟಿನಲ್ಲಿ ಬರೀ 4.4 ಮಿ.ಮೀ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಇಂಥ ಹಿಗ್ಗಿಸುವ ಸ್ಕೋಪ್‌ಗೆ ಅವಕಾಶವೇ ಇಲ್ಲ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿ.ಮೀ. ಮಾತ್ರ!

ಹೇಳಿಕೆ: ಲೇಸರ್ ಹಾಕಿ ಹೊಂದಿಸಿದರೆ ಸಾಕು.
ನಿಜ: ನಳಿಗೆಗೆ ಹಾಕುವ ಲೇಸರ್ ನೇರ ಹೋಗುತ್ತದೆ, ಗುಂಡು ಬೀಳುತ್ತ ಹೋಗುತ್ತದೆ. ಮೊದಲ ಗುಂಡು ಕಾಗದದ ಮೇಲಾದರೂ ಬೀಳಲಿ ಎನ್ನುವುದಕ್ಕೆ ಲೇಸರ್ ನೆರವಾಗುತ್ತದೆ. ಉಳಿದದ್ದು ಗುಂಡು ಹಾರಿಸಿಯೇ ಆಗಬೇಕು.

ಹೇಳಿಕೆ: ಒಮ್ಮೆ ಹೊಂದಿಸಿದರೆ ಎಲ್ಲ ದೂರಕ್ಕೂ ಸರಿ.
ನಿಜ: ದೂರ ಬದಲಾದರೆ ಬೀಳುವ ಪ್ರಮಾಣ ಬದಲಾಗುತ್ತದೆ. ಪೆಲೆಟ್‌ನ ತೂಕ ಬದಲಾದರೂ ಅಷ್ಟೇ.

ಹೇಳಿಕೆ: ಹತ್ತಿರದ್ದು ಮಸುಕಾಗಿ ಕಂಡರೆ ಗಾಜು ಕೆಟ್ಟಿದೆ.
ನಿಜ: ಹಲವು ಸ್ಕೋಪ್‌ಗಳನ್ನು ಕಾರ್ಖಾನೆಯಲ್ಲಿ ಸುಮಾರು 100 ಗಜ ದೂರಕ್ಕೆ ಹೊಂದಿಸಿರುತ್ತಾರೆ. 10 ಮೀಟರಿನಲ್ಲಿ ಅದು ಮಸುಕು ಕಾಣುವುದು ಸಹಜ. ಅಷ್ಟೇ ಅಲ್ಲ, ತಲೆ ಅಲುಗಿಸಿದರೆ ಗೆರೆಯೂ ಗುರಿಯ ಮೇಲೆ ಅಲುಗಿದಂತೆ ಕಾಣುತ್ತದೆ. ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಏರ್ ರೈಫಲ್‌ಗೆ 10 ಗಜದಿಂದಲೇ ಹೊಂದಿಸಬಹುದಾದ ಉಂಗುರವಿರುವ ಸ್ಕೋಪ್ ಒಳ್ಳೆಯದು.

ಕಣ್ಣು ಜೋಪಾನ

ಮದ್ದಿನ ರೈಫಲ್‌ನಲ್ಲಿ ಕಣ್ಣನ್ನು ಸ್ಕೋಪ್‌ಗೆ ತೀರಾ ಹತ್ತಿರ ಇಟ್ಟರೆ, ಒದೆತಕ್ಕೆ ಸ್ಕೋಪ್‌ನ ಲೋಹದ ಅಂಚು ಹುಬ್ಬಿಗೆ ಬಡಿಯುತ್ತದೆ. ಹುಬ್ಬು ಸೀಳಿ ಹೊಲಿಗೆ ಹಾಕಬೇಕಾಗಬಹುದು. ನಾಲ್ಕನೇ ಹಂತವನ್ನು ಬಿಡಬಾರದು ಎನ್ನುವುದು ಇದಕ್ಕೇ.

ಸ್ಕೋಪ್ ಮೂಲಕ ಸೂರ್ಯನನ್ನು ಕ್ಷಣಮಾತ್ರವೂ ನೋಡಬೇಡಿ. ಭೂತಗನ್ನಡಿಯಿಂದ ಕಾಗದ ಸುಡುವಂತೆ ಅಕ್ಷಿಪಟಲ ಸುಡುತ್ತದೆ. ಆ ಹಾನಿ ಶಾಶ್ವತವಾಗಿ ಉಳಿಯಬಹುದು.

ಪೆಲೆಟ್ ಗಟ್ಟಿ ಗೋಡೆ, ಕಲ್ಲು, ಕಬ್ಬಿಣಕ್ಕೆ ತಾಗಿ ವಾಪಸ್ ಚಿಮ್ಮುತ್ತದೆ. ಗುರಿಯ ಹಿಂದೆ ಮರಳಿನ ಚೀಲ ಅಥವಾ ಮಣ್ಣಿನ ದಿಬ್ಬ ಇರಲಿ. ಹಾರಿಸುವವರು, ಪಕ್ಕದಲ್ಲಿ ನಿಂತವರು ಇಬ್ಬರೂ ಸುರಕ್ಷತಾ ಕನ್ನಡಕ ಹಾಕಲಿ. ಕಣ್ಣಿಗೆ ಪೆಲೆಟ್ ತಾಗಿದರೆ ಉಜ್ಜಬೇಡಿ, ತೊಳೆಯಬೇಡಿ, ಒತ್ತಿ ಕಟ್ಟಬೇಡಿ. ತಕ್ಷಣ ಕಣ್ಣಿನ ಆಸ್ಪತ್ರೆಗೆ ಹೋಗಿ.

ಇನ್ನೊಂದು ಎಚ್ಚರಿಕೆ: ದೂರದ್ದನ್ನು ನೋಡಲು ರೈಫಲ್‌ಗೆ ಹಾಕಿದ ಸ್ಕೋಪನ್ನು ಬೈನಾಕ್ಯುಲರ್‌ನಂತೆ ಬಳಸಬೇಡಿ. ನೀವು ನೋಡುವ ಕಡೆಗೇ ನಳಿಗೆಯೂ ತಿರುಗಿರುತ್ತದೆ.

ಕಾನೂನು ಏನು ಹೇಳುತ್ತದೆ?

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆ 0.177 ಇಂಚು ಅಂದರೆ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ‘ಸ್ಪ್ರಿಂಗ್ ಬದಲಿಸಿ ಪವರ್ ಹೆಚ್ಚಿಸಿಕೊಳ್ಳಿ’ ಎನ್ನುವ ವಿಡಿಯೊ ನೋಡಿ ಆ ಮಿತಿ ದಾಟಿದರೆ ಅದು ಲೈಸೆನ್ಸ್ ಬೇಕಾದ ಆಯುಧವಾಗುತ್ತದೆ. ಲೈಸೆನ್ಸ್ ಇರುವ ರೈಫಲ್‌ಗೆ ಹಳಿ ಕೂರಿಸಲು ತೂತು ಕೊರೆಯುವಂಥ ಕೆಲಸ ಇದ್ದರೆ ಅಧಿಕೃತ ಬಂದೂಕು ರಿಪೇರಿಯವರ ಬಳಿಯೇ ಮಾಡಿಸಿ. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಹಕ್ಕಿ, ಕಾಡುಪ್ರಾಣಿಗಳಿಗೆ ಗುರಿಯಿಡಲು ಅನುಮತಿ ಸಿಕ್ಕಂತಲ್ಲ. ವನ್ಯಜೀವಿಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಕೊನೆಯದಾಗಿ

ಸ್ಕೋಪ್ ಕೂರಿಸಿ ಐವತ್ತು ಗುಂಡು ಹಾರಿಸಿದ ಮೇಲೆ ಸ್ಕ್ರೂಗಳನ್ನು ಒಮ್ಮೆ ಪರೀಕ್ಷಿಸಿ. ರಿಂಗ್ ಪಕ್ಕದಲ್ಲಿ ಕೊಳವೆಯ ಮೇಲೆ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದಿಟ್ಟರೆ ಸ್ಕೋಪ್ ಜಾರಿದೆಯೇ ಎಂದು ನೋಡಿದ ತಕ್ಷಣ ತಿಳಿಯುತ್ತದೆ. ಗುರಿ ತಪ್ಪತೊಡಗಿದರೆ ಹೊಸ ಸ್ಕೋಪ್‌ಗೆ ಆರ್ಡರ್ ಹಾಕುವ ಮೊದಲು ಆ ಪೆನ್ಸಿಲ್ ಗೆರೆ ನೋಡಿ, ಸ್ಕ್ರೂ ನೋಡಿ, ತಡೆಪಿನ್ ನೋಡಿ. ಆ ಹುಡುಕಾಟಕ್ಕೆ ದುಡ್ಡು ಖರ್ಚಾಗುವುದಿಲ್ಲ. ‘ಇನ್ನೂ ಸ್ವಲ್ಪ ಬಿಗಿ ಮಾಡಿ’ ಎಂಬ ಸಲಹೆ ಗ್ರೂಪಿನಲ್ಲಿ ಬಂದರೆ, ಈ ಲೇಖನವನ್ನು ಅಲ್ಲಿಗೆ ಕಳಿಸಿ.